ಹಗ್ಗ ಬೇಡ, ಬ್ಲೇಡು ಬೇಡ, ತಡ ಬೇಡ

ಮಕ್ಕಳೇ, ಶ್ರೀನಿವಾಸಪುರದ ಮಾವಿನ ತೋಪಿರಲಿ, ಮಾಲೂರಿನ ಹೂವಿನ ತೋಟವಿರಲಿ, ಮುಳಬಾಗಿಲಿನ ರಾಗಿ ಮೆದೆಯಿರಲಿ, ಕೋಲಾರದ ಹಿಪ್ಪುನೇರಳೆ ಸಾಲಿರಲಿ, ಇಲಿ ಇದ್ದಲ್ಲಿಗೆ ಹಾವು ಬಂದೇ ಬರುತ್ತದೆ. ರಾತ್ರಿ ಕರೆಂಟು ಬಂದಾಗ ನೀರು ಕಟ್ಟಲು ಹೋಗುವವರು ನೀವು. ಅದಕ್ಕೇ ಈ ಮಾತು.

ಹಾವು ಕಚ್ಚಿದರೆ ಜೀವ ಹೋಗುತ್ತದೆಂದು ಎಲ್ಲರೂ ಹೆದರುತ್ತಾರೆ. ಜೀವ ಉಳಿದೂ ಕಾಲು ಕಳೆದುಕೊಳ್ಳುವವರಿದ್ದಾರೆ ಎಂಬುದನ್ನು ಮರೆಯುತ್ತಾರೆ. ಕೊಳಕುಮಂಡಲದ ವಿಷದಲ್ಲಿರುವ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಸ್ನಾಯುವಿನ ಎಳೆಗಳ ಹೊರಪೊರೆಯನ್ನು ಒಡೆಯುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳನುಗ್ಗಿ ಎಳೆ ಸೆಟೆದು ಸಾಯುತ್ತದೆ. ಮೆಟಲೋಪ್ರೋಟಿನೇಸ್ ಎಂಬ ಇನ್ನೊಂದು ಕಿಣ್ವ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ. ಸತ್ತ ಸ್ನಾಯುವಿಗೆ ಮತ್ತೆ ಬೆಳೆಯುವ ಗುಣವುಂಟು; ಆದರೆ ರಕ್ತ ಹರಿಯದ ಕಡೆ ಅದು ಚಿಗುರದೆ ಗಡುಸು ಕಲೆಯಾಗಿ ಉಳಿಯುತ್ತದೆ. ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಮೂತ್ರವನ್ನು ಡಿಕಾಕ್ಷನ್ ಬಣ್ಣಕ್ಕೆ ತಿರುಗಿಸಿ ಮೂತ್ರಪಿಂಡವನ್ನೂ ಕೆಡಿಸುತ್ತದೆ. ನಾಗರಹಾವಿನ ವಿಷಕ್ಕೂ ಕಚ್ಚಿದ ಜಾಗದ ಮಾಂಸ ಕೊಳೆಯುತ್ತದೆ. ಕಟ್ಟುಹಾವಿನ ರೀತಿಯೇ ಬೇರೆ: ಊತ, ನೋವು ಹೆಚ್ಚು ತೋರದೆ ಉಸಿರಾಟವನ್ನೇ ನಿಲ್ಲಿಸಬಲ್ಲದು. ಊದಿಲ್ಲವಲ್ಲ ಎಂದು ಮಲಗಿಬಿಡಬೇಡಿ.

ಇಷ್ಟು ತಿಳಿದ ಮೇಲೆ ಹಗ್ಗ ಬಿಗಿಯುವುದು ಏಕೆ ತಪ್ಪೆಂದು ನಿಮಗೇ ಹೊಳೆಯುತ್ತದೆ. ವಿಷ ಅಲ್ಲೇ ನಿಲ್ಲುತ್ತದೆ, ರಕ್ತ ಅಲ್ಲಿಗೆ ಬರುವುದಿಲ್ಲ. ಮಾಂಸಕ್ಕೆ ಎರಡು ಕಡೆಯ ಪೆಟ್ಟು. ಮಂಡಲದ ವಿಷ ಏರಿದವರಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ, ಬ್ಲೇಡು ಹಾಕಿದರೆ ಸುರಿಯುತ್ತಲೇ ಇರುತ್ತದೆ. ಮಂತ್ರ ಹಾಕಿಸಿ ಬದುಕಿದವರನ್ನು ತೋರಿಸುತ್ತೀರಿ. ಹಾವು ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಮಂತ್ರಕ್ಕೆ ಹೆಸರು ಬರುವುದು ಅಂಥ ಕಡಿತಗಳಿಂದ.

ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಸತ್ತ ಮಾಂಸವನ್ನು ಬದುಕಿಸಲಾರದು. ಆದ್ದರಿಂದ ಬೇಗ ಹೋದಷ್ಟೂ ಉಳಿಯುವ ಕಾಲು ಹೆಚ್ಚು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು; ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಮನೆಯಲ್ಲೇ ಮುಚ್ಚಿಟ್ಟರೆ ಆ ಲೆಕ್ಕಕ್ಕೂ ಸಿಗುವುದಿಲ್ಲ, ಔಷಧಿಗೂ ಸಿಗುವುದಿಲ್ಲ.

ಕಚ್ಚಿದರೆ ಉಂಗುರ, ಕಾಲ್ಗೆಜ್ಜೆ ಬಿಚ್ಚಿ. ಕೈಕಾಲು ಅಲುಗಿಸದೆ ಮಲಗಿಸಿ. ಹಾವನ್ನು ಹುಡುಕಿಕೊಂಡು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಕರೆದೊಯ್ಯಿರಿ. ಕಚ್ಚುವ ಮೊದಲೇ ಮಾಡಬೇಕಾದದ್ದು ಇನ್ನೂ ಸುಲಭ: ಟಾರ್ಚು, ಗಂಬೂಟು ಇಲ್ಲದೆ ರಾತ್ರಿ ತೋಟಕ್ಕೆ ಇಳಿಯಬೇಡಿ.