ಹಿಡಿ ಹಳೆಯದಾದರೂ ಕಾರ್ಟ್ರಿಜ್ ಹೊಸದಿರಬೇಕು

ಇತ್ತೀಚೆಗೆ ನನ್ನ ಕ್ಲಿನಿಕ್ಕಿಗೆ ಪರಿಚಯದ ಮಹಿಳೆಯೊಬ್ಬರು ಬಂದರು. ಅವರ ಯಜಮಾನರಿಗೆ ದೊಡ್ಡ ಕರುಳಿನ ಗಡ್ಡೆಗೆಂದು ನಗರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ರೋಗಿ ಚೇತರಿಸಿಕೊಳ್ಳುತ್ತಿದ್ದರು. ಆಕೆಯ ಕೈಯಲ್ಲಿದ್ದದ್ದು ಬಿಲ್ಲು.

'ನೋಡಿ ಡಾಕ್ಟ್ರೇ, ಸ್ಟೇಪ್ಲರ್ ಕಾರ್ಟ್ರಿಜ್ ಅಂತ ಮೂರು ಹಾಕಿದ್ದಾರೆ. ಸ್ಟೇಪ್ಲರ್ ಮಾತ್ರ ಬಿಲ್ಲಿನಲ್ಲಿ ಎಲ್ಲೂ ಇಲ್ಲ. ಕೇಳಿದ್ದಕ್ಕೆ, ಅದು ಆಸ್ಪತ್ರೆಯದೇ ಅಮ್ಮ, ತೊಳೆದು ಎಲ್ಲರಿಗೂ ಬಳಸುತ್ತೇವೆ ಅಂದರು. ಬೇರೆಯವರ ಹೊಟ್ಟೆಗೆ ಹಾಕಿದ್ದನ್ನೇ ಇವರಿಗೂ ಹಾಕಿಬಿಟ್ಟರಾ?'

ಪ್ರಶ್ನೆ ನ್ಯಾಯವಾದದ್ದೇ. ನಾನು ಶಸ್ತ್ರವೈದ್ಯನಲ್ಲ, ಸಾಮಾನ್ಯ ವೈದ್ಯ. ಆದರೆ ಆಪರೇಷನ್ ಮುಗಿಸಿ ಮನೆಗೆ ಬಂದವರ ಬಿಲ್ಲು, ಗಾಯ, ಅನುಮಾನ ಎಲ್ಲವೂ ಕೊನೆಗೆ ಬರುವುದು ನಮ್ಮಂಥವರ ಮೇಜಿಗೇ. ಆದ್ದರಿಂದ ಈ ವಾರ ಆ ಸ್ಟೇಪ್ಲರಿನ ವಿಷಯ.

ಕರುಳು, ಜಠರ, ಶ್ವಾಸಕೋಶಗಳನ್ನು ಕತ್ತರಿಸಿ ಮುಚ್ಚಲು ಅಥವಾ ಜೋಡಿಸಲು ಸೂಜಿ ದಾರದ ಬದಲು ಲೋಹದ ಸಣ್ಣ ಪಿನ್ನುಗಳನ್ನು ಬಳಸುವುದು ಈಗ ಸಾಮಾನ್ಯ. ಪಿನ್ನು ಹೊಡೆಯುವ ಉಪಕರಣವನ್ನು ಸ್ಟೇಪ್ಲರ್ ಎಂದೇ ಕರೆಯುತ್ತಾರೆ. ತತ್ವ ನಿಮ್ಮ ಮೇಜಿನ ಮೇಲಿನ ಕಾಗದದ ಸ್ಟೇಪ್ಲರಿನದೇ. ಎರಡು ದವಡೆಗಳ ನಡುವೆ ಕರುಳನ್ನು ಇಟ್ಟು ಒತ್ತಿದರೆ, ಕೆಳಗಿನ ದವಡೆಯಿಂದ ಪಿನ್ನುಗಳು ಎದ್ದು, ಮೇಲಿನ ದವಡೆಯ ಗುಳಿಗಳಿಗೆ ತಾಗಿ ಬಾಗುತ್ತವೆ. ವ್ಯತ್ಯಾಸ ಎಂದರೆ, ಕಾಗದದ ಪಿನ್ನು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಈ ಪಿನ್ನು ಇಂಗ್ಲಿಷಿನ 'ಬಿ' ಅಕ್ಷರದಂತೆ ಬಾಗುತ್ತದೆ. ಆ ಅಕ್ಷರದ ಎರಡು ಹೊಟ್ಟೆಗಳ ಒಳಗಿನಿಂದ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಅಂಚಿನ ಮಾಂಸ ಸಾಯದೆ, ಗಾಯ ಕೂಡಿಕೊಳ್ಳುವುದು ಇದರಿಂದಲೇ. ಪಿನ್ನುಗಳ ಸಾಲುಗಳು ಇಟ್ಟಿಗೆ ಗೋಡೆಯ ವರಸೆಯಂತೆ ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ಕೂರುತ್ತವೆ. ಕತ್ತರಿಸುವ ಬಗೆಯ ಸ್ಟೇಪ್ಲರಿನಲ್ಲಿ ಎರಡೂ ಬದಿಗೆ ಎರಡೋ ಮೂರೋ ಸಾಲು ಪಿನ್ನು ಬಿದ್ದು, ನಡುವೆ ಒಂದು ಚಾಕು ಹರಿದು ಹೋಗುತ್ತದೆ. ಕರುಳು ಎರಡು ತುಂಡಾಗುತ್ತದೆ, ಎರಡೂ ತುದಿ ಮುಚ್ಚಿರುತ್ತದೆ.

ಈ ಉಪಕರಣದಲ್ಲಿ ಎರಡು ಭಾಗ. ಒಂದು, ಕೈಯಲ್ಲಿ ಹಿಡಿಯುವ ಹಿಡಿ ಮತ್ತು ದವಡೆ. ಇನ್ನೊಂದು, ಪಿನ್ನುಗಳನ್ನು ತುಂಬಿದ, ಕಳಚಿ ಹಾಕಬಹುದಾದ ಉದ್ದನೆಯ ಡಬ್ಬಿ. ಇದೇ ಕಾರ್ಟ್ರಿಜ್, ಕೆಲವರು ರಿಲೋಡ್ ಎನ್ನುತ್ತಾರೆ. ಬಾಲ್ ಪೆನ್ನನ್ನು ನೆನೆಸಿಕೊಳ್ಳಿ. ಪೆನ್ನು ಅದೇ, ರೀಫಿಲ್ ಹೊಸದು. ಒಂದು ಕಾರ್ಟ್ರಿಜ್ ಹೊಡೆಯುವುದು ಒಂದೇ ಸಲ. ಗಡ್ಡೆಯ ಆಚೆ ಒಂದು ಸಲ, ಈಚೆ ಒಂದು ಸಲ, ಉಳಿದ ಎರಡು ತುದಿಗಳನ್ನು ಜೋಡಿಸಲು ಮತ್ತೊಂದೆರಡು ಸಲ ಎಂದರೆ ಮೂರು ನಾಲ್ಕು ಕಾರ್ಟ್ರಿಜ್ ಆಗಿಯೇ ಆಗುತ್ತದೆ. ಆ ಮಹಿಳೆಯ ಬಿಲ್ಲಿನಲ್ಲಿ ಮೂರು ಇದ್ದದ್ದರಲ್ಲಿ ಮೋಸವೇನಿರಲಿಲ್ಲ.

ಈ ಕಳಚುವ ಭಾಗ ಬರಲು ಬಹಳ ಕಾಲ ಹಿಡಿಯಿತು. 1908ರಲ್ಲಿ ಹಂಗೇರಿಯ ಬುಡಾಪೆಸ್ಟಿನ ಶಸ್ತ್ರವೈದ್ಯ ಹ್ಯೂಮರ್ ಹುಲ್ಟ್ಲ್ ಅವರಿಗಾಗಿ ಉಪಕರಣ ತಯಾರಕ ವಿಕ್ಟರ್ ಫಿಶರ್ ಮೊದಲ ಸ್ಟೇಪ್ಲರನ್ನು ಮಾಡಿಕೊಟ್ಟರು. ತೂಕ ಮೂರೂವರೆ ಕಿಲೋಗೂ ಹೆಚ್ಚು. ಬಿಡಿಭಾಗಗಳನ್ನು ಜೋಡಿಸಿ ಸಿದ್ಧಪಡಿಸಲು ಎರಡು ಗಂಟೆ! ಅದೇ ದೇಶದ ಅಲಾದಾರ್ ಪೆಟ್ಸ್ ಹತ್ತು ಹನ್ನೆರಡು ವರ್ಷಗಳ ನಂತರ ಹಗುರವಾದದ್ದನ್ನು ತಂದರು. 1934ರಲ್ಲಿ ಜರ್ಮನಿಯ ಉಲ್ಮ್ ನಗರದ ಫ್ರೀಡ್ರಿಷ್ ಎಂಬ ವೈದ್ಯರು ಪಿನ್ನಿನ ಡಬ್ಬಿಯನ್ನೇ ಬದಲಿಸುವ ಉಪಾಯ ಮಾಡಿದರು. ಎರಡನೇ ಮಹಾಯುದ್ಧದ ನಂತರ ರಷ್ಯನ್ನರು ಬಗೆಬಗೆಯ ಸ್ಟೇಪ್ಲರುಗಳನ್ನು ಮಾಡಿದರಾದರೂ ಅವುಗಳಿಗೆ ಪಿನ್ನುಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬಬೇಕಿತ್ತು. 1958ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ರಾವಿಚ್ ಅವರು ಅಂಥದೊಂದನ್ನು ಕೊಂಡು ತಂದರು. ಅದರ ಫಲವಾಗಿ 1967ರಲ್ಲಿ ಅಮೆರಿಕದಲ್ಲಿ ಹೊಸ ಬಗೆ ಮಾರುಕಟ್ಟೆಗೆ ಬಂತು. ಹಿಡಿ ಲೋಹದ್ದು, ಮತ್ತೆ ಮತ್ತೆ ಬಳಸುವಂಥದ್ದು. ಕಾರ್ಟ್ರಿಜ್ ಮಾತ್ರ ಕಾರ್ಖಾನೆಯಲ್ಲೇ ಪಿನ್ನು ತುಂಬಿ, ಕ್ರಿಮಿಶುದ್ಧ ಮಾಡಿ, ಮೊಹರು ಹಾಕಿ ಬರುವಂಥದ್ದು. ಇಂದಿನ ಆಪರೇಷನ್ ಥಿಯೇಟರಿನಲ್ಲಿ ಕಾಣುವುದು ಅದರ ಮಕ್ಕಳು ಮೊಮ್ಮಕ್ಕಳು.

ಮನೆಯಲ್ಲಿ 10ನೇ ನಂಬರಿನ ಸ್ಟೇಪ್ಲರಿಗೆ 24/6ರ ಪಿನ್ನು ಹಾಕಲು ಹೋಗಿ ಪೇಚಾಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಕಾರ್ಟ್ರಿಜ್‌ನಲ್ಲೂ ಅಳತೆಗಳಿವೆ. ಉದ್ದ 30, 45, 60 ಮಿಲಿಮೀಟರ್ ಹೀಗೆ. ಅದಕ್ಕಿಂತ ಮುಖ್ಯವಾದದ್ದು ಪಿನ್ನಿನ ಕಾಲುಗಳ ಎತ್ತರ. ಸಾಮಾನ್ಯವಾಗಿ ಬಿಳಿ ಬಣ್ಣದ ಕಾರ್ಟ್ರಿಜ್‌ನ ಪಿನ್ನು ಮಡಚಿದ ಮೇಲೆ 1 ಮಿಲಿಮೀಟರ್, ನೀಲಿಯದು 1.5, ಹಸಿರಿನದು 2 ಮಿಲಿಮೀಟರ್ ಎತ್ತರ ಉಳಿಯುತ್ತದೆ. ತೆಳುವಾದ ರಕ್ತನಾಳಕ್ಕೆ ಬಿಳಿ, ಮಾಮೂಲು ಕರುಳಿಗೆ ನೀಲಿ, ದಪ್ಪನೆಯ ಜಠರಕ್ಕೆ ಹಸಿರು ಎಂಬುದು ಸ್ಥೂಲವಾದ ಲೆಕ್ಕ. ದಪ್ಪ ಜಾಗಕ್ಕೆ ಚಿಕ್ಕ ಪಿನ್ನು ಹಾಕಿದರೆ ಅದು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಇಲ್ಲವೇ ಮಾಂಸ ಜಜ್ಜಿಹೋಗುತ್ತದೆ. ತೆಳು ಜಾಗಕ್ಕೆ ದೊಡ್ಡ ಪಿನ್ನು ಹಾಕಿದರೆ ಬಿಗಿ ಸಾಲದೆ ರಕ್ತ ಒಸರುತ್ತದೆ, ಕರುಳಿನೊಳಗಿನದು ಸೋರುತ್ತದೆ.

ಬಣ್ಣವನ್ನಷ್ಟೇ ನಂಬುವುದೂ ತಪ್ಪು. ಒಬ್ಬ ತಯಾರಕರ ಹಸಿರು ಕಾರ್ಟ್ರಿಜ್‌ನಲ್ಲಿ ಪಿನ್ನಿನ ಕಾಲು 4.1 ಮಿಲಿಮೀಟರ್ ಇದ್ದರೆ ಇನ್ನೊಬ್ಬರದರಲ್ಲಿ 4.8 ಇರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹೌಸ್ ಸರ್ಜನ್ ಆಗಿದ್ದಾಗ ಒಮ್ಮೆ ಜಠರದ ಆಪರೇಷನ್ನಿಗೆ ಹೊರಗಿನ ಕೆಲಸಕ್ಕೆಂದು ನಿಂತಿದ್ದೆ. ಶಸ್ತ್ರವೈದ್ಯರು 'ಇನ್ನೊಂದು ಹಸಿರು ಕೊಡಿ' ಎಂದರು. ಬೀರುವಿನಲ್ಲಿ ಹಸಿರು ಗುರುತಿನ ಪೊಟ್ಟಣ ಕಂಡಿತು, ತಂದೆ, ಹರಿದೆ. ಥಿಯೇಟರ್ ಸಿಸ್ಟರ್ ಅದನ್ನು ಕೈಗೆ ತೆಗೆದುಕೊಳ್ಳದೆ ಕಣ್ಣಲ್ಲೇ ನೋಡಿ, 'ಇದು ನಮ್ಮ ಹಿಡಿಗೆ ಕೂರುವುದಲ್ಲ ಡಾಕ್ಟರೇ. ಬಣ್ಣ ನೋಡಿ ತರಬೇಡಿ. ಕಂಪನಿ, ಅಳತೆ, ತಾರೀಖು ಜೋರಾಗಿ ಓದಿ, ಆಮೇಲೆ ಹರಿಯಿರಿ' ಎಂದರು. ಬೇರೆ ಕಂಪನಿಯದನ್ನು ತಂದಿದ್ದೆ. ಹರಿದ ಪೊಟ್ಟಣ ವಾಪಸು ಹೋಗುವಂತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮಗನ ಕೈಗೆ ಮತ್ತೊಂದು ಚೀಟಿ ಹೋಯಿತು. ಅವನು ಏನೂ ಕೇಳದೆ ಔಷಧದಂಗಡಿಗೆ ಓಡಿದ. ತಪ್ಪು ನನ್ನದು, ದುಡ್ಡು ಅವನದು. ಅದನ್ನು ಅವನಿಗೆ ಹೇಳುವ ಧೈರ್ಯ ಆಗ ನನಗಿರಲಿಲ್ಲ.

ಆ ಸಿಸ್ಟರ್ ಕಾರ್ಟ್ರಿಜ್ ಕೂರಿಸುವುದನ್ನು ಆಮೇಲೆ ಅನೇಕ ಸಲ ನೋಡಿದೆ. ಮೊದಲು ಖಾಲಿ ದವಡೆಯನ್ನು ಬೆಳಕಿಗೆ ಹಿಡಿದು ನೋಡುವರು. ಕಾರ್ಟ್ರಿಜ್‌ನ ಮುಖಕ್ಕೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಪಿನ್ನು ಉದುರದಿರಲೆಂದು. ಅದನ್ನು ಮೊದಲೇ ತೆಗೆಯದೆ, ಮುಚ್ಚಳ ಸಮೇತ ಕೆಳದವಡೆಯ ಹಳ್ಳಕ್ಕೆ ಜಾರಿಸಿ, 'ಟಿಕ್' ಎಂದು ಕೂರುವವರೆಗೆ ಒತ್ತುವರು. ಆಮೇಲೆ ಮುಚ್ಚಳ ತೆಗೆದು ಪಕ್ಕಕ್ಕೆ. ಮುಚ್ಚಳ ತೆಗೆದ ಮೇಲೆ ಪಿನ್ನುಗಳ ಸಾಲನ್ನು ಓರೆಯಾಗಿ ನೋಡುವುದು. ಒಂದು ಪಿನ್ನು ತಲೆಯೆತ್ತಿದ್ದರೂ ಆ ಕಾರ್ಟ್ರಿಜ್ ಬೇಡ. ಶಸ್ತ್ರವೈದ್ಯರ ಕೈಗೆ ಕೊಡುವಾಗ ಅಳತೆಯನ್ನು ಬಾಯಲ್ಲಿ ಹೇಳಿಯೇ ಕೊಡುವುದು. ಹೊಡೆದು ವಾಪಸು ಬಂದಾಗ ಬಳಸಿದ ಕಾರ್ಟ್ರಿಜ್ ಕಳಚಿ, ದವಡೆಯನ್ನು ಕ್ರಿಮಿಶುದ್ಧ ಸಲೈನಿನಲ್ಲಿ ಅಲುಗಿಸಿ ತೊಳೆದು ಒರೆಸಿ, ನಂತರವೇ ಮುಂದಿನದು. ಹಿಂದಿನ ಸುತ್ತಿನ ಬಿಡಿ ಪಿನ್ನೊಂದು ದವಡೆಯಲ್ಲಿ ಉಳಿದರೆ ಮುಂದಿನ ಸಾಲು ಅದರ ಮೇಲೆ ಬಿದ್ದು ಕೆಡುತ್ತದೆ. ಹೇಳಲು ಇಷ್ಟು ಹೊತ್ತಾಯಿತೇ ಹೊರತು, ನುರಿತವರಿಗೆ ಇದು ಒಂದು ನಿಮಿಷದ ಕೆಲಸವೂ ಅಲ್ಲ. ಬಹುಪಾಲು ಮಾದರಿಗಳಲ್ಲಿ ಒಮ್ಮೆ ಹೊಡೆದ ಕಾರ್ಟ್ರಿಜ್ ಮತ್ತೆ ಹೊಡೆಯದಂತೆ ತಡೆಯುವ ಬೀಗವೂ ಇರುತ್ತದೆ. ಹಿಡಿ ಒತ್ತಲು ಬಾರದಿದ್ದರೆ ಬಲ ಪ್ರಯೋಗಿಸಬಾರದು, ತೆಗೆದು ನೋಡಬೇಕು.

ಇಷ್ಟು ಜಾಗ್ರತೆ ಏಕೆ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಮಾರ್ಚಿಯಲ್ಲಿ ವೈದ್ಯರಿಗೆ ಒಂದು ಎಚ್ಚರಿಕೆಯ ಪತ್ರ ಬರೆಯಿತು. 2011ರ ಜನವರಿಯಿಂದ 2018ರ ಮಾರ್ಚ್‌ವರೆಗೆ ಸ್ಟೇಪ್ಲರ್ ಮತ್ತು ಪಿನ್ನುಗಳ ಬಗ್ಗೆ ಅದಕ್ಕೆ 41,000ಕ್ಕೂ ಹೆಚ್ಚು ವರದಿಗಳು ಬಂದಿದ್ದವು. ಅವುಗಳಲ್ಲಿ 366 ಸಾವುಗಳು, 9,000ಕ್ಕೂ ಮಿಕ್ಕಿ ಗಂಭೀರ ಗಾಯಗಳು. ಉಳಿದವು ಉಪಕರಣ ಕೈಕೊಟ್ಟ ವರದಿಗಳು. ಪಿನ್ನಿನ ಸಾಲು ಬಿಚ್ಚಿಕೊಳ್ಳುವುದು, ಪಿನ್ನು ಸರಿಯಾಗಿ ಮಡಚದಿರುವುದು, ಹೊಡೆಯದೇ ಹೋಗುವುದು ಹೆಚ್ಚಾಗಿ ಕಂಡ ದೋಷಗಳು. ಮಾಂಸದ ದಪ್ಪಕ್ಕೆ ತಕ್ಕ ಅಳತೆಯ ಪಿನ್ನು ಆರಿಸಬೇಕೆಂದು ಆ ಪತ್ರ ಮುಖ್ಯವಾಗಿ ಹೇಳಿತು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಅಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳ ಸಂಖ್ಯೆಯೂ ಅಗಾಧ. ಸೂಜಿ ದಾರದ ಹೊಲಿಗೆಯೂ ಸೋರುವುದುಂಟು. ಹಾಗೆಯೇ, ಸ್ಟೇಪ್ಲರ್ ಹಾಕಿದರೇ ಒಳ್ಳೆಯ ಆಪರೇಷನ್ ಎಂದು ತಿಳಿಯುವುದೂ ಬೇಡ. ನುರಿತ ಕೈಯ ಹೊಲಿಗೆ ಭದ್ರವಾಗಿಯೇ ಇರುತ್ತದೆ.

ಇನ್ನು ಆ ಮಹಿಳೆಯ ನಿಜವಾದ ಪ್ರಶ್ನೆ: ಬೇರೆಯವರಿಗೆ ಬಳಸಿದ್ದು ಸರಿಯೇ? ಇಲ್ಲಿ ಎರಡು ಇಂಗ್ಲಿಷ್ ಮಾತುಗಳು ಗೊಂದಲ ಮಾಡುತ್ತವೆ: ರೀಯೂಸಬಲ್ ಮತ್ತು ರಿಲೋಡಬಲ್. ರೀಯೂಸಬಲ್ ಹಿಡಿಯನ್ನು ಅನೇಕ ರೋಗಿಗಳಿಗೆ ಬಳಸಲೆಂದೇ ತಯಾರಿಸುತ್ತಾರೆ. ಅದನ್ನು ತಯಾರಕರು ಹೇಳಿದಂತೆ ಬಿಚ್ಚಿ, ಸಂದುಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿಸಿ, ಕಟ್ಟಿ ಆಟೋಕ್ಲೇವಿಗೆ ಇಡಬಹುದು. ಆಟೋಕ್ಲೇವ್ ಎಂದರೆ ನಮ್ಮ ಕುಕ್ಕರಿನ ಅಣ್ಣ; 121 ಅಥವಾ 134 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆ. ಕತ್ತರಿ, ಇಕ್ಕಳಗಳನ್ನು ಶುದ್ಧ ಮಾಡುವುದೂ ಹೀಗೆಯೇ, ಅವೂ ಎಲ್ಲ ರೋಗಿಗಳಿಗೂ ಬಳಕೆಯಾಗುತ್ತವೆ. ಇಂಥ ಹಿಡಿಯ ಬಗ್ಗೆ ಭಯ ಬೇಕಿಲ್ಲ. ಹಣವೂ ಉಳಿಯುತ್ತದೆ.

ರಿಲೋಡಬಲ್ ಎಂದರೆ ಅದಲ್ಲ. ಒಬ್ಬನೇ ರೋಗಿಗೆ, ಒಂದೇ ಆಪರೇಷನ್ನಿನಲ್ಲಿ, ಹಲವು ಕಾರ್ಟ್ರಿಜ್ ಹಾಕಿ ಬಳಸಬಹುದು ಎಂದಷ್ಟೇ. ಆ ಹಿಡಿ ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಬಿಚ್ಚಲಾಗದ್ದು. ಒಳಗೆ ಸೇರಿದ ರಕ್ತವನ್ನು ಪೂರ್ತಿ ತೊಳೆಯಲಾಗುವುದಿಲ್ಲ. ಎಷ್ಟು ಸಲ ಹೊಡೆಯಬಹುದೆಂಬ ಮಿತಿಯೂ ಅದಕ್ಕಿದೆ. ಆಪರೇಷನ್ ಮುಗಿದ ಮೇಲೆ ಅದರ ಜಾಗ ಕಸದ ಬುಟ್ಟಿ. ಇಂಥದನ್ನು ಉಳಿತಾಯದ ಹೆಸರಿನಲ್ಲಿ ತೊಳೆದು ಮುಂದಿನ ರೋಗಿಗೆ ಬಳಸುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ. ಇನ್ನು ಕಾರ್ಟ್ರಿಜ್ ಅಂತೂ ಯಾವ ಬಗೆಯ ಹಿಡಿಯದೇ ಆದರೂ ಒಂದೇ ಬಳಕೆಗೆ.

ಗುರುತಿಸುವುದು ಕಷ್ಟವಲ್ಲ. ಒಂದೇ ಸಲ ಬಳಸಬೇಕಾದ ವಸ್ತುವಿನ ಪೊಟ್ಟಣದ ಮೇಲೆ ಒಂದು ವೃತ್ತ, ಅದರೊಳಗೆ 2 ಎಂಬ ಅಂಕಿ, ಅದರ ಮೇಲೆ ಓರೆಯಾಗಿ ಒಂದು ಗೀಟು ಇರುತ್ತದೆ. ಎರಡನೇ ಸಲ ಬೇಡ ಎಂದು ಅರ್ಥ. ಸಿರಿಂಜಿನ ಪೊಟ್ಟಣದ ಮೇಲೂ ಈ ಗುರುತನ್ನು ನೋಡಬಹುದು, ಮಕ್ಕಳಿಗೂ ತೋರಿಸಿ.

ಆಪರೇಷನ್ನಿಗೆ ಮೊದಲು ನಿಮ್ಮ ವೈದ್ಯರನ್ನು ಕೇಳಲು ಸಂಕೋಚ ಬೇಡ. ಸ್ಟೇಪ್ಲರ್ ಬಳಸುವಿರಾ, ಹಿಡಿ ರೀಯೂಸಬಲ್ ಬಗೆಯದೇ, ಕಾರ್ಟ್ರಿಜ್ ಎಷ್ಟು ಬೇಕಾಗಬಹುದು, ಬಳಸದೆ ಉಳಿದ, ಮೊಹರು ಒಡೆಯದ ಕಾರ್ಟ್ರಿಜ್ ಅನ್ನು ವಾಪಸು ಪಡೆಯುವಿರಾ? ಬಳಸಿದ ಪೊಟ್ಟಣಗಳ ಮೇಲಿನ ಅಂಟುಚೀಟಿಗಳನ್ನು ಕೇಸ್ ಶೀಟಿಗೆ ಹಚ್ಚಿಡಿ ಎಂದೂ ಕೇಳಿಕೊಳ್ಳಬಹುದು. ಅದರಲ್ಲಿ ತಯಾರಿಕೆಯ ಲಾಟ್ ಸಂಖ್ಯೆ ಇರುತ್ತದೆ. ನಾಳೆ ಆ ಲಾಟಿನಲ್ಲೇ ದೋಷ ಕಂಡುಬಂದರೆ ನಿಮ್ಮದು ಅದೇ ಹೌದೋ ಅಲ್ಲವೋ ತಿಳಿಯುತ್ತದೆ. ಚೆನ್ನಾಗಿ ನಡೆಸುವ ಆಸ್ಪತ್ರೆಗಳು ಕೇಳದೆಯೇ ಇದನ್ನು ಮಾಡುತ್ತವೆ. ಆಪರೇಷನ್ ಟೇಬಲ್ಲಿನ ಮೇಲೆ ರೋಗಿ ಇದ್ದಾಗ ಹೊರಗೆ ಚೀಟಿ ಹಿಡಿದು ನಿಂತವರು ಇದನ್ನೆಲ್ಲ ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಕೇಳಿ.

ಮನೆಗೆ ಬಂದ ಮೇಲೆ ಪಿನ್ನುಗಳ ಬಗ್ಗೆ ಮಾಡುವಂಥದ್ದೇನಿಲ್ಲ. ಚರ್ಮದ ಮೇಲಿನ ಪಿನ್ನುಗಳನ್ನು ತೆಗೆಯಬೇಕು. ಒಳಗಿನವು ಅಲ್ಲೇ ಇರುತ್ತವೆ. ಅವು ಸಾಮಾನ್ಯವಾಗಿ ಟೈಟೇನಿಯಂ ಲೋಹದವು, ತುಕ್ಕು ಹಿಡಿಯುವುದಿಲ್ಲ. ಎಂ.ಆರ್.ಐ. ಸ್ಕ್ಯಾನಿಗೆ ಅವು ಬಹುತೇಕ ಅಡ್ಡಿಯಲ್ಲ, ಆದರೂ ಮುಂಚೆ ತಿಳಿಸುವುದು ಒಳ್ಳೆಯದು. ಕರುಳಿನ ಜೋಡಣೆ ಸೋರುವ ಅಪಾಯ ಹೆಚ್ಚಾಗಿರುವುದು ಮೊದಲ ಹತ್ತು ಹನ್ನೆರಡು ದಿನ. ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಹೊಟ್ಟೆಯುಬ್ಬರ, ವಾಂತಿ, ಎದೆಬಡಿತದ ವೇಗ ಕಂಡರೆ ಜ್ವರದ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ. ನನ್ನಂಥವರ ಕ್ಲಿನಿಕ್ಕಿಗೂ ಬರಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ನೇರವಾಗಿ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ.

ಆ ಮಹಿಳೆ ಮರುದಿನ ಆಸ್ಪತ್ರೆಗೆ ಹೋಗಿ ಕೇಳಿ ಬಂದರು. ಹಿಡಿ ಲೋಹದ್ದು, ರೀಯೂಸಬಲ್ ಬಗೆಯದು. ಮೂರು ಕಾರ್ಟ್ರಿಜ್‌ಗಳ ಅಂಟುಚೀಟಿಗಳೂ ಕೇಸ್ ಶೀಟಿನಲ್ಲಿದ್ದವು. ಅದರ ಜೆರಾಕ್ಸ್ ಮಾಡಿಸಿ ಬಿಲ್ಲಿನ ಹಿಂದೆ ಪಿನ್ನು ಹೊಡೆದು ಇಟ್ಟುಕೊಂಡಿದ್ದಾರೆ.