ಮಿತವ್ಯಯದ ಕೆಮರಾ: ಆಯ್ಕೆಯೂ ರಕ್ಷಣೆಯೂ

೧೯೭೫ರಲ್ಲಿ ಅಮೇರಿಕೆಯ ಕೊಡಕ್ ಕಂಪನಿಯ ಎಂಜಿನಿಯರರಾದ ಸ್ಟೀವನ್ ಸ್ಯಾಸನ್ ಎಂಬವರು ಫಿಲ್ಮಿನ ಹಂಗಿಲ್ಲದ ಕೆಮರಾವನ್ನು ನಿರ್ಮಿಸಿದಾಗ, ಒಂದು ಚಿತ್ರವನ್ನು ದಾಖಲಿಸಲು ಅದಕ್ಕೆ ೨೩ ಸೆಕೆಂಡು ಹಿಡಿಯುತ್ತಿದ್ದಿತು. ಇಂದಾದರೋ ಡಿಜಿಟಲ್ ಕೆಮರಾವು ಸಾಮಾನ್ಯ ಗೃಹಸ್ಥರ ಕೈಗೂ ಎಟಕಿದೆ. ಆದರೂ ವರ್ಷದ ಉಳಿತಾಯವನ್ನು ತೆತ್ತು ತಂದ ಯಂತ್ರವು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಂಕಾಗಿ ಕಪಾಟು ಸೇರುವುದು ಮಲೆನಾಡಿನಲ್ಲಿ ಅಪರೂಪವಲ್ಲ. ಆದಕಾರಣ ಮಗಳಿಗೆ ಕೆಮರಾ ಕೊಡಿಸಬೇಕೆಂದಿರುವ ಪಾಲಕರೂ, ಸ್ವಂತ ಗಳಿಕೆಯಿಂದ ಕೊಳ್ಳಬೇಕೆಂದಿರುವ ಪೂರ್ವವಿದ್ಯಾರ್ಥಿನಿಯರೂ ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಹಿತಕರವು.

೧. ಉದ್ದೇಶ. ಹಗಲಿನಲ್ಲಿ ಅಂಗಳದ ಹೂವನ್ನೂ ನೆಂಟರಿಷ್ಟರನ್ನೂ ಚಿತ್ರಿಸುವುದಕ್ಕೆ ಕೈಯಲ್ಲಿರುವ ಮೊಬೈಲು ಸಾಕು. ದೂರದ ಮರದ ಹಕ್ಕಿ, ತೋಟದ ನೆರಳಿನ ಕೆಲಸ, ರಾತ್ರಿಯ ಯಕ್ಷಗಾನ ಇವುಗಳಲ್ಲಿ ಆಸಕ್ತಿಯಿದ್ದರೆ ಮಾತ್ರ ಪ್ರತ್ಯೇಕ ಕೆಮರಾದ ಅಗತ್ಯವುಂಟು.

೨. ಬೆಳಕು. ಕಾನಸೂರಿನ ಸುತ್ತಲಿನ ಅಡಿಕೆ ತೋಟಗಳಲ್ಲಿ ಮಧ್ಯಾಹ್ನದಲ್ಲಿಯೂ ನೆರಳು ದಟ್ಟವಾಗಿರುವುದಷ್ಟೆ. ಆದುದರಿಂದ ನಮ್ಮ ಕಡೆಯವರು ಮುಖ್ಯವಾಗಿ ನೋಡತಕ್ಕದ್ದು, ಕೆಮರಾವು ಎಷ್ಟು ಬೆಳಕನ್ನು ಒಳಗೊಳ್ಳಬಲ್ಲದೆಂಬುದನ್ನು. ಮಸೂರದ ಮೇಲೆ ‘ಎಫ್’ ಎಂಬ ಗುರುತಿನೊಡನೆ ಒಂದು ಸಂಖ್ಯೆ ಇರುತ್ತದೆ. ಅದು ಕಡಿಮೆಯಾದಷ್ಟೂ ಬೆಳಕಿನ ದ್ವಾರವು ದೊಡ್ಡದು. ೫.೬ಕ್ಕಿಂತ ೧.೮ರಲ್ಲಿ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕು ಒಳಬರುವುದು. ಮೊದಲನೆಯದರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾದ ಚಿತ್ರಕ್ಕೆ ಎರಡನೆಯದರಲ್ಲಿ ಸುಮಾರು ನೂರನೆಯ ಒಂದು ಭಾಗ ಸಾಕು. ಕೊನೆಗೌಡನು ಮರದಿಂದ ಇಳಿಯಬಿಟ್ಟು, ಹಗ್ಗದ ಮೇಲೆ ಜಾರಿ ಬರುವ ಅಡಿಕೆ ಕೊನೆಯು ಚಿತ್ರದಲ್ಲಿ ಕಲಸಿಹೋಗುವುದಕ್ಕೂ ಸ್ಪಷ್ಟವಾಗುವುದಕ್ಕೂ ಇರುವ ಅಂತರವು ಇದೇ.

ಬೆಳಕನ್ನು ಗ್ರಹಿಸುವ ಸೆನ್ಸರ್ ಫಲಕವೂ ದೊಡ್ಡದಿರಬೇಕು. ಕಿಸೆಯಲ್ಲಿ ಹಿಡಿಯುವ ಅಗ್ಗದ ಕೆಮರಾಗಳಲ್ಲಿ ಅದು ಸುಮಾರು ೬ × ೪.೫ ಮಿಲಿಮೀಟರು, ‘ಎಪಿಎಸ್-ಸಿ’ ವರ್ಗದಲ್ಲಿ ಸುಮಾರು ೨೩.೫ × ೧೫.೬ ಮಿಲಿಮೀಟರು, ಅಂದರೆ ಕ್ಷೇತ್ರಫಲದಲ್ಲಿ ಹದಿಮೂರು ಪಟ್ಟು.

೩. ಮೆಗಾಪಿಕ್ಸೆಲ್. ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಕಾಣುವ ಈ ಸಂಖ್ಯೆಗೆ ಮರುಳಾಗಲಾಗದು. ಗೋಡೆಗೆ ತೂಗಹಾಕುವ ೮ × ೧೦ ಅಂಗುಲದ ಪ್ರತಿಗೆ, ಅಂಗುಲಕ್ಕೆ ೩೦೦ ಬಿಂದುಗಳಂತೆ, ೭೨ ಲಕ್ಷ ಬಿಂದುಗಳು ಸಾಕು. ಹತ್ತು ವರ್ಷ ಹಳೆಯ ಕೆಮರಾದಲ್ಲಿಯೂ ಇದಕ್ಕಿಂತ ಹೆಚ್ಚಿರುತ್ತದೆ.

೪. ಹಳೆಯದನ್ನು ಕೊಳ್ಳುವುದು. ಹಣ ಮಿತವಾಗಿದ್ದರೆ, ಉಪಯೋಗಿಸಿದ ಎಪಿಎಸ್-ಸಿ ಕೆಮರಾವನ್ನೂ, ಅದಕ್ಕೆ ಹೊಂದುವ ೫೦ ಮಿಲಿಮೀಟರು, ಎಫ್ ೧.೮ ಮಸೂರವನ್ನೂ ಕೊಳ್ಳುವುದು ಲೇಸು. ಕ್ಯಾನನ್, ನಿಕಾನ್ ಕಂಪನಿಗಳ ಮಸೂರಗಳಲ್ಲಿ ಇದು ಅತಿ ಅಗ್ಗದವುಗಳಲ್ಲೊಂದು. ಆದರೆ ಹಣ ಕೊಡುವ ಮೊದಲು ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಷ್ಟಿನ ಎಳೆಗಳಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ದ್ವಾರವನ್ನು ಎಫ್ ೧೬ಕ್ಕೆ ಕಿರಿದುಗೊಳಿಸಿ ಬರಿಯ ಆಕಾಶದ ಚಿತ್ರವನ್ನು ತೆಗೆದರೆ ಸೆನ್ಸರಿನ ಮೇಲಿನ ಧೂಳು ಚುಕ್ಕೆಗಳಾಗಿ ತೋರುವುದು. ಇನ್ನೊಂದು ಎಚ್ಚರಿಕೆ: ನಿಕಾನ್ ಡಿ೩೦೦೦, ಡಿ೫೦೦೦ ಶ್ರೇಣಿಗಳ ಕೆಮರಾಗಳೊಳಗೆ ಫೋಕಸಿನ ಮೋಟರು ಇರುವುದಿಲ್ಲ, ಅವುಗಳಿಗೆ ‘ಎಎಫ್-ಎಸ್’ ಎಂದು ಬರೆದ ಮಸೂರವನ್ನೇ ಆರಿಸತಕ್ಕದ್ದು.

೫. ರಕ್ಷಣೆ. ಮೃಗಶಿರದಿಂದ ತಿಂಗಳುಗಟ್ಟಲೆ ಗೋಡೆಗಳೇ ಬೆವರುವ ನಮ್ಮ ಸೀಮೆಯಲ್ಲಿ, ಆಯ್ಕೆಗಿಂತಲೂ ಇದು ಮುಖ್ಯವು. ಬೂಷ್ಟು ಮಸೂರದ ಲೇಪವನ್ನು ತಿಂದರೆ ಮತ್ತೆ ಸರಿಹೋಗದು. ಚರ್ಮದ ಚೀಲವು ತೇವವನ್ನು ಹೀರುವುದರಿಂದ ಅದರಲ್ಲಿಡಲಾಗದು. ರಬ್ಬರಿನ ಅಂಚುಳ್ಳ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇಟ್ಟು, ಹರಳುಗಳ ಬಣ್ಣ ಬದಲಾದಾಗ ಹೊಸವನ್ನು ಹಾಕಬೇಕು. ವಾರಕ್ಕೊಮ್ಮೆಯಾದರೂ ಕೆಮರಾವನ್ನು ಹೊರತೆಗೆದು ಉಪಯೋಗಿಸುವುದು ಎಲ್ಲಕ್ಕಿಂತ ಉತ್ತಮವು.

ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಇಂಥದೇ ಮಳೆಯ ಸೀಮೆಯಲ್ಲಿದ್ದು ಹಕ್ಕಿಗಳ ಸೊಗಸಾದ ಚಿತ್ರಗಳನ್ನು ತೆಗೆದರು. ತಾಳ್ಮೆಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಅಜ್ಜಿಯು ಅಡಿಕೆ ಸುಲಿಯುತ್ತ ಕುಳಿತ ಜಗಲಿಯೂ, ಉಂಚಳ್ಳಿಯಲ್ಲಿ ೧೧೬ ಮೀಟರು ಧುಮುಕುವ ಅಘನಾಶಿನಿಯೂ ಸಮೀಪದಲ್ಲಿಯೇ ಇವೆ. ಜಲಪಾತವು ಬರುವ ವರ್ಷವೂ ಇದ್ದೀತು. ಅಜ್ಜಿಯ ಚಿತ್ರವನ್ನಾದರೂ ಈ ವರ್ಷವೇ ತೆಗೆದಿಡುವುದು ಒಳ್ಳೆಯದು.