ಇಡಿಗಂಟು ಮತ್ತು ವರ್ಷಾಶನ

ಬರತಕ್ಕ ಹಣವನ್ನೆಲ್ಲ ಒಂದೇ ಸಲಕ್ಕೆ ಪಡೆಯುವುದಕ್ಕೆ ನಮ್ಮಲ್ಲಿ ಇಡಿಗಂಟು ಎಂಬ ಅಚ್ಚಗನ್ನಡದ ಮಾತಿದೆ. ವರ್ಷ ವರ್ಷಕ್ಕೆ ಇಷ್ಟೆಂದು ಪಡೆಯುವುದಕ್ಕೆ ವರ್ಷಾಶನವೆಂಬ ಸಂಸ್ಕೃತ ಸಮಾಸವಿದೆ. ಗಂಟು ಎಂದರೆ ಕಟ್ಟಿದ್ದು. ಕಟ್ಟಿದ್ದನ್ನು ಬಿಚ್ಚಲೂ ಬಹುದು, ಕಳೆಯಲೂ ಬಹುದು. ಅಶನವೆಂದರೆ ಅನ್ನ. ಒಂದು ವರ್ಷದ ಅನ್ನಕ್ಕೆ ಆಗುವಷ್ಟು ಎಂಬುದೇ ವರ್ಷಾಶನದ ಮೂಲಾರ್ಥ. ಈ ಎರಡು ಪದಗಳನ್ನು ಎದುರುಬದುರು ಇಟ್ಟುಕೊಂಡು ನೋಡಿದರೆ, ಹಣಕಾಸಿನ ಪಂಡಿತರು ಕೋಷ್ಟಕಗಳಲ್ಲಿ ಹೇಳುವ ವಿಚಾರದ ಅರ್ಧಭಾಗ ಪದಗಳಲ್ಲಿಯೇ ಅಡಗಿರುವುದು ಕಾಣುತ್ತದೆ.

ಈ ಆಯ್ಕೆಯ ಪ್ರಶ್ನೆ ಜಗತ್ತಿನಲ್ಲಿ ಹೆಚ್ಚಾಗಿ ಕೇಳಿಬರುವುದು ಲಾಟರಿಯ ಪ್ರಸಂಗದಲ್ಲಿ. ಅಮೆರಿಕದ ಪವರ್‌ಬಾಲ್ ಎಂಬ ಲಾಟರಿಯಲ್ಲಿ ಗೆದ್ದವನು ಬಹುಮಾನವನ್ನು ಮೂವತ್ತು ಕಂತುಗಳಲ್ಲಿ ಪಡೆಯಬಹುದು. ಪ್ರತಿ ಕಂತು ಹಿಂದಿನದಕ್ಕಿಂತ ನೂರಕ್ಕೆ ಐದರಷ್ಟು ಹೆಚ್ಚು. ಅಥವಾ ಒಮ್ಮೆಗೇ ಪಡೆಯಬಹುದು; ಆದರೆ ಆಗ ಮೊತ್ತ ಬಹಳ ಇಳಿಯುತ್ತದೆ. 2022ರ ನವೆಂಬರಿನಲ್ಲಿ ಅಲ್ಲಿ 204 ಕೋಟಿ ಡಾಲರುಗಳ ಬಹುಮಾನ ಬಂದಾಗ ಕೂಡಲೇ ಪಡೆಯುವವರಿಗೆ ಗೊತ್ತುಮಾಡಿದ ಮೊತ್ತ 99 ಕೋಟಿ 76 ಲಕ್ಷ ಡಾಲರು, ಅಂದರೆ ಅರ್ಧಕ್ಕಿಂತಲೂ ಕಡಿಮೆ. ನಮ್ಮ ದೇಶದಲ್ಲಿ ಇಂಥ ಆಯ್ಕೆಯೇ ಇಲ್ಲ. ಕೇರಳದ ಓಣಂ ಬಂಪರಿನ ಮೊದಲ ಬಹುಮಾನ 2022ರಲ್ಲಿ 25 ಕೋಟಿ ರೂಪಾಯಿಗೆ ಏರಿತು. ಏಜೆಂಟರ ಪಾಲನ್ನೂ ಮೂಲದಲ್ಲಿಯೇ ನೂರಕ್ಕೆ 30ರ ತೆರಿಗೆಯನ್ನೂ ಕಳೆದು ಉಳಿದದ್ದನ್ನು ಇಡಿಗಂಟಾಗಿಯೇ ಕೊಡುತ್ತಾರೆ. ಕರ್ನಾಟಕವಂತೂ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ಆದುದರಿಂದ ಲಾಟರಿಯ ಮಾತನ್ನು ಇಲ್ಲಿಗೆ ಬಿಡೋಣ. ಟಿಕೆಟ್ಟನ್ನೇ ಕೊಳ್ಳದ ಜನರ ಮುಂದೆ ಇದೇ ಪ್ರಶ್ನೆ ಬಂದು ನಿಲ್ಲುವ ಸ್ಥಳವೊಂದು ನಮ್ಮ ಕರಾವಳಿಯಲ್ಲಿಯೇ ಇದೆ.

ಕಾರವಾರ ನಗರದ ಹಬ್ಬುವಾಡವನ್ನು ಬಿಟ್ಟು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಬಿಣಗಾ, ಅರಗಾ, ಚೆಂಡಿಯೆ, ತೋಡೂರು, ಅಮದಳ್ಳಿಗಳು ಸಿಗುತ್ತವೆ. ಅಂಕೋಲೆಯ ಎಲ್ಲೆಯನ್ನು ಹೊಕ್ಕರೆ ಹಾರವಾಡ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು; 2005ರ ಮೇ 31ರಂದು ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಎರಡು ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟು ಎದ್ದವು. ಅವರಿಗೆ ದೊರೆತದ್ದು ಇಡಿಗಂಟಿನ ಪರಿಹಾರ; ಅದು ಸಾಲದೆಂದು ಹೂಡಿದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಪರಿಹಾರ ಎಷ್ಟು ಎಂಬುದರ ಮೇಲೆಯೇ ಎಲ್ಲರ ಗಮನವಿತ್ತು. ಅದು ಯಾವ ರೂಪದಲ್ಲಿ ಬರಬೇಕೆಂಬುದನ್ನು ಕೇಳಿದವರು ವಿರಳ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಳೆದುಹೋದ ಗದ್ದೆ ತಾನೇ ಒಂದು ವರ್ಷಾಶನವಾಗಿತ್ತು. ಗಜನಿಯ ಭೂಮಿ ಮಳೆಗಾಲದಲ್ಲಿ ಭತ್ತವನ್ನೂ ಬೇಸಗೆಯಲ್ಲಿ ಮೀನು ಸಿಗಡಿಗಳನ್ನೂ ಕೊಡುತ್ತಿತ್ತು. ಮನೆಯ ಹಿಂದಿನ ಕರಿ ಇಶಾಡದ ಮರ ವೈಶಾಖದಲ್ಲಿ ತನ್ನ ಕಂತನ್ನು ತಪ್ಪದೆ ಸಲ್ಲಿಸುತ್ತಿತ್ತು (ಅಂಕೋಲೆಯ ಈ ಮಾವಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಿದೆ, ಅಪ್ಪೆಮಿಡಿಯ ಅಭಿಮಾನಿಗಳು ಮುನಿಯಬಾರದು). ಅಕ್ಕಿಯ ಬೆಲೆ ಏರಿದರೆ ಗದ್ದೆಯ ಕಂತಿನ ಬೆಲೆಯೂ ತಾನಾಗಿ ಏರುತ್ತಿತ್ತು. ಎಂದಮೇಲೆ ಭೂಸ್ವಾಧೀನವೆಂದರೆ, ಬೆಲೆಯೊಂದಿಗೆ ಬೆಳೆಯುವ ಮುಗಿಯದ ವರ್ಷಾಶನವನ್ನು ಒಂದೇ ದಿನದಲ್ಲಿ ಇಡಿಗಂಟಾಗಿ ಮಾರ್ಪಡಿಸುವ ಕ್ರಿಯೆ.

2013ರಲ್ಲಿ ಸಂಸತ್ತು ಅಂಗೀಕರಿಸಿ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿಕೊಂಡಿತು. ಅದರ ಎರಡನೆಯ ಅನುಸೂಚಿಯ ಪ್ರಕಾರ, ಜಮೀನಿನ ಬೆಲೆಯಲ್ಲದೆ, ಬಾಧಿತ ಕುಟುಂಬಕ್ಕೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿರಬೇಕು. ಯೋಜನೆಯಲ್ಲಿ ಉದ್ಯೋಗಗಳು ಹುಟ್ಟುವುದಾದರೆ ಮನೆಯ ಒಬ್ಬರಿಗೆ ಉದ್ಯೋಗ. ಇಲ್ಲವೆ ಒಮ್ಮೆಗೇ 5 ಲಕ್ಷ ರೂಪಾಯಿ. ಅದೂ ಇಲ್ಲವೆ ಇಪ್ಪತ್ತು ವರ್ಷಗಳವರೆಗೆ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದ ವರ್ಷಾಶನ. ಈ ಮೂರನೆಯದರ ಕೊನೆಯಲ್ಲಿ, ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಅದನ್ನು ಹೊಂದಿಸಬೇಕು ಎಂಬ ಷರತ್ತಿದೆ. ಓದುವವರು ಈ ಷರತ್ತನ್ನು ಸಾಮಾನ್ಯವಾಗಿ ಕಣ್ಣು ಹಾಯಿಸಿ ದಾಟಿಬಿಡುತ್ತಾರೆ. ಲೆಕ್ಕವೆಲ್ಲ ಇರುವುದು ಅಲ್ಲಿಯೇ.

ಷರತ್ತಿಲ್ಲದೆ ನೋಡಿದರೆ ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000, ಇಪ್ಪತ್ತು ವರ್ಷಕ್ಕೆ 4 ಲಕ್ಷ 80 ಸಾವಿರ. ಈ ಹೊತ್ತು ಕೈಗೆ ಬರುವ 5 ಲಕ್ಷಕ್ಕಿಂತ ಇದು ಕೂಡಿಸಿದರೂ ಕಡಿಮೆ. ಆ 5 ಲಕ್ಷವನ್ನು ನೂರಕ್ಕೆ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 35,000 ಬರುತ್ತದೆ. ಅದರಲ್ಲಿ 24,000ವನ್ನು ವರ್ಷದ ಕೊನೆಗೆ ತೆಗೆದು ಉಣ್ಣುತ್ತ ಹೋದರೂ ಇಪ್ಪತ್ತು ವರ್ಷಗಳ ಮೇಲೆ ಸುಮಾರು ಒಂಬತ್ತೂವರೆ ಲಕ್ಷ ಉಳಿದಿರುತ್ತದೆ. ಇಂಥ ವರ್ಷಾಶನವನ್ನು ಆರಿಸುವವನು ಲೆಕ್ಕ ತಿಳಿಯದವನೆಂದೇ ಹೇಳಬೇಕಾಗುತ್ತದೆ.

ಷರತ್ತನ್ನು ಕೂಡಿಸಿಕೊಂಡು ನೋಡೋಣ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತವೆಂದೂ ವರ್ಷಾಶನವೂ ಹಾಗೆಯೇ ಏರುತ್ತದೆಂದೂ ಇಟ್ಟುಕೊಂಡರೆ, ಇಪ್ಪತ್ತನೆಯ ವರ್ಷದಲ್ಲಿ ತಿಂಗಳಿಗೆ 5,000ಕ್ಕೂ ತುಸು ಹೆಚ್ಚು ಬರುತ್ತದೆ. ಎಲ್ಲ ಕಂತುಗಳ ಮೊತ್ತ ಸುಮಾರು 7 ಲಕ್ಷ 94 ಸಾವಿರವಾಗುತ್ತದೆ. ಆದರೆ ನಾಳಿನ ರೂಪಾಯಿ ಇಂದಿನ ರೂಪಾಯಿಯಲ್ಲ. ಅದೇ ನೂರಕ್ಕೆ 7ರ ಬಡ್ಡಿಯಿಂದ ಹಿಂದಕ್ಕೆ ಎಣಿಸಿದರೆ ಆ ಕಂತುಗಳೆಲ್ಲ ಸೇರಿ ಇಂದಿಗೆ 3 ಲಕ್ಷ 77 ಸಾವಿರಕ್ಕೆ ಸಮ. ಅಂದರೆ ಆಗಲೂ ಇಡಿಗಂಟೇ 1 ಲಕ್ಷ 23 ಸಾವಿರದಷ್ಟು ದೊಡ್ಡದು.

ಹಾಗಾದರೆ ವಿಚಾರ ಮುಗಿಯಿತೆ? ಈ 1 ಲಕ್ಷ 23 ಸಾವಿರವನ್ನು ಇನ್ನೊಂದು ಬಗೆಯಿಂದ ಓದಬೇಕೆಂದು ನನ್ನ ಅಭಿಪ್ರಾಯ. ಇಡಿಗಂಟನ್ನು ಪಡೆದ ಮನೆಗೆ ಮೊದಲ ದಿನ ಕೈಬಿಚ್ಚಲು ಇರುವ ಸ್ವಾತಂತ್ರ್ಯದ ಮಿತಿ ಅದು. ಅಷ್ಟರೊಳಗೆ ಮನೆಯ ಸೂರನ್ನೋ ಹಳೆಯ ಸಾಲವನ್ನೋ ನೇರ್ಪುಗೊಳಿಸಿ ಉಳಿದದ್ದನ್ನು ಕದಲಿಸದೆ ಇಟ್ಟರೆ ವರ್ಷಾಶನದವನಿಗಿಂತ ನಷ್ಟವಿಲ್ಲ. ಅದನ್ನು ಮೀರಿದ ಪ್ರತಿ ರೂಪಾಯಿಯೂ ಮುಂದಿನ ಯಾವುದೋ ವರ್ಷದ ಅನ್ನದಿಂದ ತೆಗೆದದ್ದು. ಮದುವೆ, ವಾಹನ, ನೆಂಟರ ಕೈಗಡಗಳಲ್ಲಿ ಅರ್ಧ ಗಂಟು ಕರಗಿತೆನ್ನಿ. ಉಳಿದ ಎರಡೂವರೆ ಲಕ್ಷದಿಂದ ವರ್ಷಾಶನದಷ್ಟೇ ತೆಗೆಯುತ್ತ ಹೋದರೆ ಹನ್ನೆರಡು ವರ್ಷ ದಾಟಿದೊಡನೆ ಬರಿಗೈ. ಹಣ ಬಂದ ವಾರ್ತೆ ಊರಿಗೆ ತಿಳಿದ ಮೇಲೆ ಹೆಚ್ಚು ಬಡ್ಡಿಯ ಆಸೆ ತೋರಿಸುವವರು ಅಂಗಳಕ್ಕೆ ಬರುವುದನ್ನೂ ಎಣಿಸಬೇಕು. ಗದ್ದೆಯನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚುಮಾಡಲು ಬರುತ್ತಿರಲಿಲ್ಲ. ಹಣಕ್ಕೆ ಆ ಗುಣವಿಲ್ಲ.

ಬೆಲೆಗೆ ಹೊಂದಿಸುವ ವಿಚಾರವನ್ನು ನಮ್ಮ ಹಿಂದಿನವರು ಅರಿಯದವರಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ ಗೊತ್ತು: ನಂದಾದೀವಿಗೆಗೆ ಗದ್ಯಾಣಗಳನ್ನು ಕೊಟ್ಟು, ಅದರ ಬಡ್ಡಿಯಿಂದ ದೀಪ ನಡೆಯಬೇಕೆಂದು ಮಹಾಜನರ ವಶಕ್ಕೆ ಒಪ್ಪಿಸುವುದೂ ಉಂಟು, ಇಷ್ಟು ಸೊಲ್ಲಗೆ ಎಣ್ಣೆ, ಇಷ್ಟು ಖಂಡುಗ ಭತ್ತವೆಂದು ವಸ್ತುವಿನಲ್ಲಿಯೇ ಗೊತ್ತುಮಾಡುವುದೂ ಉಂಟು. ಎರಡನೆಯ ದಾನಿಯ ದೀಪಕ್ಕೆ ಎಣ್ಣೆಯ ಬೆಲೆಯ ಭಯವಿಲ್ಲ. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಸಮೀಪದಲ್ಲಿಯೇ ಇದೆ. 1974ರ ಭೂಸುಧಾರಣೆಯ ನಂತರ ಭೂಮಿಯನ್ನು ಕಳೆದುಕೊಂಡ ಧಾರ್ಮಿಕ ಸಂಸ್ಥೆಗಳಿಗೆ ಸರ್ಕಾರ ಕೊಡುವ ಹಣಕ್ಕೂ ವರ್ಷಾಶನವೆಂದೇ ಹೆಸರು. ಅದನ್ನು ರೂಪಾಯಿಯಲ್ಲಿ ಗೊತ್ತುಪಡಿಸಿರುವುದರಿಂದ, ಸರ್ಕಾರ ಮನಸ್ಸು ಮಾಡಿ ಏರಿಸಿದ ಹೊರತು ತಾನಾಗಿ ಏರುವುದಿಲ್ಲ. ಶಾಲೆಗಳಲ್ಲಿ ದತ್ತಿನಿಧಿಯನ್ನಿಟ್ಟ ದಾನಿಗಳಿಗೂ ಈ ಅನುಭವ ಹೊಸದಲ್ಲ. ಒಂದು ಕಾಲಕ್ಕೆ ಬೆಳ್ಳಿಯ ಪದಕಕ್ಕೆ ಸಾಕಾಗುತ್ತಿದ್ದ ಬಡ್ಡಿ ಈಗ ಪದಕದ ಪೆಟ್ಟಿಗೆಗೂ ಸಾಲದು.

ಅಧ್ಯಾಪಕ ಬಂಧುಗಳ ಮುಂದೆ ಈ ಪ್ರಶ್ನೆ ನಿವೃತ್ತಿಯ ದಿನ ಬರುತ್ತದೆ. ಪಿಂಚಣಿಯ ಒಂದು ಭಾಗವನ್ನು ಪರಿವರ್ತನೆ ಮಾಡಿಸಿ ಇಡಿಗಂಟು ಪಡೆಯಬಹುದು. ಕೇಂದ್ರ ಸರ್ಕಾರದ ಕೋಷ್ಟಕದಲ್ಲಿ ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರ ಗುಣಕ 8.194. ತಿಂಗಳಿಗೆ 1,000 ರೂಪಾಯಿ ಬಿಟ್ಟುಕೊಟ್ಟವರಿಗೆ ದೊರೆಯುವುದು 98,328 ರೂಪಾಯಿ. ಹದಿನೈದು ವರ್ಷಗಳಲ್ಲಿ ಕಡಿತವಾಗುವುದು 1,80,000. ಹದಿನೈದು ವರ್ಷಗಳ ಬಳಿಕ ಆ ಭಾಗ ಮರಳಿ ಬರುವುದು 1986ರ ಸುಪ್ರೀಂ ಕೋರ್ಟಿನ ತೀರ್ಪಿನ ಫಲ. ಅದನ್ನು ಹನ್ನೆರಡಕ್ಕೆ ಇಳಿಸಬೇಕೆಂಬುದು ನೌಕರರ ಬೇಡಿಕೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸರ್ಕಾರಿ ಸೇವೆಗೆ ಸೇರಿ ಹೊಸ ಪಿಂಚಣಿಗೆ ಒಳಪಟ್ಟವರಿಗೆ ಆಯ್ಕೆ ಇನ್ನೂ ಕಿರಿದು: ಕೂಡಿದ ನಿಧಿಯಲ್ಲಿ ನೂರಕ್ಕೆ 40ರಷ್ಟನ್ನಾದರೂ ವರ್ಷಾಶನಕ್ಕೆ ತೊಡಗಿಸಲೇಬೇಕು. ಆ ವರ್ಷಾಶನ ಬೆಲೆಯೊಂದಿಗೆ ಏರುತ್ತದೆಯೆ, ಗಂಡನ ತರುವಾಯ ಹೆಂಡತಿಗೆ ಸಲ್ಲುತ್ತದೆಯೆ ಎಂಬೆರಡನ್ನು ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.

ಕರಾವಳಿಯ ಕುಟುಂಬಗಳ ಮಾತಿಗೆ ಮರಳಿದರೆ, ಯಾವುದನ್ನು ಆರಿಸಬೇಕೆಂಬುದಕ್ಕೆ ಒಂದೇ ಉತ್ತರವಿದೆಯೆಂದು ನಾನು ಭಾವಿಸುವುದಿಲ್ಲ. ಗಂಟಿನ ಬಾಯಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ದುಡಿಯುವ ವಯಸ್ಸಿನವನು, ಸಾಲದ ಬಡ್ಡಿ ನೂರಕ್ಕೆ ಹದಿನೆಂಟೋ ಇಪ್ಪತ್ತನಾಲ್ಕೋ ತೆರುತ್ತಿರುವವನು ಇಡಿಗಂಟನ್ನು ಪಡೆದು ಸಾಲ ತೀರಿಸುವುದೇ ಯುಕ್ತ. ಮಕ್ಕಳ ಮುಂದೆ ಇಲ್ಲವೆನ್ನಲಾರದ ವೃದ್ಧಮಾತೆಗೆ ಲೆಕ್ಕದಲ್ಲಿ ಕಡಿಮೆಯಾದರೂ ತಿಂಗಳ ಹಣವೇ ಮೇಲು. ಅದನ್ನು ಯಾರೂ ಒಮ್ಮೆಗೇ ಕೇಳಿ ಪಡೆಯಲಾರರು. ಇವೆರಡೂ ಒಂದೇ ಮನೆಯಲ್ಲಿ ಸಾಧ್ಯವೆಂಬುದನ್ನು ಬಹುಜನ ಗಮನಿಸಿಲ್ಲ. ಕಾಯಿದೆಯ ಮೂರನೆಯ ಪ್ರಕರಣ ಕುಟುಂಬವೆಂಬ ಶಬ್ದಕ್ಕೆ ಕೊಟ್ಟಿರುವ ಅರ್ಥದಲ್ಲಿ ವಿಧವೆಯರು, ವಿಚ್ಛೇದಿತರು, ಪರಿತ್ಯಕ್ತ ಸ್ತ್ರೀಯರು ಪ್ರತ್ಯೇಕ ಕುಟುಂಬಗಳೆಂದೇ ಎಣಿಕೆಯಾಗುತ್ತಾರೆ. ವಯಸ್ಕರಾದ ಗಂಡಾಗಲಿ ಹೆಣ್ಣಾಗಲಿ ಹಾಗೆಯೇ. ಬಾಧಿತರ ಪಟ್ಟಿಯನ್ನು ಬರೆಯಲು ಅಧಿಕಾರಿಗಳು ಬಂದ ದಿನ ತಾಯಿಯ ಹೆಸರು ಮಗನ ಹೆಸರಿನ ಕೆಳಗೆ ಸೇರಿಹೋಗದೆ ತನ್ನದೇ ಸಾಲಿನಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಂಡರೆ, ಒಂದೇ ಸೂರಿನಡಿ ಮಗ ಐದು ಲಕ್ಷವನ್ನು ಕೇಳಬಹುದು, ತಾಯಿ ಇಪ್ಪತ್ತು ವರ್ಷಗಳ ವರ್ಷಾಶನವನ್ನು ಕೇಳಬಹುದು.